ಊರಿನಲ್ಲಿ ಎಚ್‌ಐವಿ ಬಗ್ಗೆ ಮಾತಾಡೋದು ಹೇಗೆ? ಜಾಥಾ ಮುಗಿದ ಮೇಲಿನ ಕೆಲಸಕ್ಕೊಂದು ಮಾರ್ಗದರ್ಶಿ

ಪ್ರತಿ ವರ್ಷ ಡಿಸೆಂಬರ್ 1ಕ್ಕೆ ವಿಶ್ವ ಏಡ್ಸ್ ದಿನ. ಶಾಲೆ ಮಕ್ಕಳು ಬ್ಯಾನರ್ ಹಿಡಿದು ಬಸ್‌ಸ್ಟ್ಯಾಂಡ್ ತನಕ ಹೋಗಿ ಬರುತ್ತಾರೆ. ಎದೆಗೆ ಕೆಂಪು ರಿಬ್ಬನ್, ಒಂದೆರಡು ಭಾಷಣ, ಚಹಾ, ಬಿಸ್ಕತ್ತು. ಮಾರನೇ ದಿನ ಆ ಊರಿನಿಂದ ಎಷ್ಟು ಜನ ಪರೀಕ್ಷೆಗೆ ಹೋದರು ಅಂತ ಯಾರೂ ಕೇಳುವುದಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಈ ಬರಹ ಸ್ವಸಹಾಯ ಸಂಘದವರಿಗೆ, ಯುವಕ ಮಂಡಳದವರಿಗೆ, ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ ಮತ್ತು ಎನ್‌ಎಸ್‌ಎಸ್ ಮಕ್ಕಳಿಗೆ, ಪಂಚಾಯಿತಿ ಸದಸ್ಯರಿಗೆ. ದುಡ್ಡು ಜಾಸ್ತಿ ಬೇಕಿಲ್ಲ. ಆದರೆ ಒಂದು ಮಾತು ಮೊದಲಿನಿಂದ ಕೊನೆಯವರೆಗೂ ತಲೆಯಲ್ಲಿರಲಿ. ನಿಮ್ಮೆದುರು ಕೂತವರಲ್ಲಿ ಒಬ್ಬರಾದರೂ ಈಗಾಗಲೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಪಕ್ಕದಲ್ಲಿ ಕೂತ ನಾದಿನಿಗೂ ಅದು ಗೊತ್ತಿರಲಿಕ್ಕಿಲ್ಲ. ನೀವು ಆಡುವ ಪ್ರತಿ ಮಾತನ್ನೂ ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೇ ಮಾತಾಡಿ.

ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ ಅನ್ನೋದು ಸರ್ಕಾರದ ಅಂದಾಜು. ಮಹಾರಾಷ್ಟ್ರ, ಆಂಧ್ರಪ್ರದೇಶದ ಜೊತೆ ಅತಿ ಹೆಚ್ಚು ಸೋಂಕಿತರಿರುವ ಮೂರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಹಾಗಾಗಿ ಇದು ಯಾರೋ ದೂರದವರ ವಿಷಯ ಅಲ್ಲ.

ಮೊದಲು ನೀವು ಆಸ್ಪತ್ರೆಗೆ ಹೋಗಿ ಬನ್ನಿ

ಸಭೆ ಕರೆಯುವುದು ಆಮೇಲೆ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಐಸಿಟಿಸಿ ಎಲ್ಲಿದೆ ಅಂತ ಹುಡುಕಿ. ಆಪ್ತ ಸಮಾಲೋಚನೆ ಮತ್ತು ಎಚ್‌ಐವಿ ಪರೀಕ್ಷೆ ಎರಡೂ ಒಂದೇ ಕಡೆ, ಪುಕ್ಕಟೆ ಆಗುವ ಕೇಂದ್ರ ಅದು. ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮೊದಲ ಹಂತದ ಪರೀಕ್ಷೆ ಮಾಡುತ್ತಾರೆ.

ಅಲ್ಲಿನ ಆಪ್ತ ಸಮಾಲೋಚಕರನ್ನು ಪರಿಚಯ ಮಾಡಿಕೊಳ್ಳಿ. ಕೋಣೆ ನಂಬರ್ ಎಷ್ಟು, ಯಾವ ಹೊತ್ತಿಗೆ ತೆರೆದಿರುತ್ತದೆ, ಓಪಿ ಚೀಟಿ ಮಾಡಿಸಬೇಕಾ, ಆಧಾರ್ ಕೇಳ್ತಾರಾ, ಊಟದ ಹೊತ್ತಿಗೆ ಬಂದರೆ ಕಾಯಬೇಕಾ, ಎಲ್ಲ ಬರೆದುಕೊಳ್ಳಿ. ಕೇಳೋಕೆ ಇವು ಚಿಕ್ಕ ಸಂಗತಿಗಳು. ಆದರೆ ಅರ್ಧಕ್ಕರ್ಧ ಜನ ವಾಪಸ್ ಬರುವುದು ಇಂಥ ಕಡೆಯೇ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು "ಎಚ್‌ಐವಿ ಟೆಸ್ಟ್ ಎಲ್ಲಿ ಮಾಡ್ತಾರೆ?" ಅಂತ ಜೋರಾಗಿ ಕೇಳುವ ಧೈರ್ಯ ಎಷ್ಟು ಜನಕ್ಕಿದೆ? "ಔಷಧಿ ಕೊಡೋ ಕಿಟಕಿ ದಾಟಿ, ಎಡಗಡೆ ಮೂರನೇ ಬಾಗಿಲು" ಅಂತ ನೀವೇ ಹೇಳುವ ಹಾಗಿರಬೇಕು.

ಅಲ್ಲಿಗೆ ಹೋದ ಮೇಲೆ ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ. ಇದು ತೋರಿಕೆಗೆ ಅಲ್ಲ. ಒಳಗೆ ಏನಾಗುತ್ತದೆ ಅಂತ ಕಂಡವರ ಮಾತಿಗೆ ತೂಕ ಬರುತ್ತದೆ.

ಒಳಗೆ ಆಗುವುದು ಇಷ್ಟು. ಸಮಾಲೋಚಕರು ಬಾಗಿಲು ಹಾಕಿ ಕೂರಿಸುತ್ತಾರೆ. ಪರೀಕ್ಷೆ ಯಾಕೆ, ಉತ್ತರ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಅಂತ ವಿವರಿಸಿ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಲ್ಯಾಬಿನಲ್ಲಿ ಸ್ವಲ್ಪ ರಕ್ತ ತೆಗೆಯುತ್ತಾರೆ. ಸ್ಕ್ರೀನಿಂಗ್ ಮಾತ್ರ ಮಾಡುವ ಕಡೆ ಬೆರಳ ತುದಿಗೆ ಚುಚ್ಚಿ ತೆಗೆದ ಒಂದು ಹನಿ ಸಾಕು. ಕಿಟ್ ಮೇಲೆ ಉತ್ತರ ಮೂಡಲು ಅರ್ಧ ಗಂಟೆಯೂ ಬೇಡ. ಮೊದಲ ಕಿಟ್‌ನಲ್ಲಿ ಸೋಂಕಿನ ಗುರುತು ಕಂಡರೂ ಅಷ್ಟಕ್ಕೇ ಪಾಸಿಟಿವ್ ಅನ್ನುವುದಿಲ್ಲ. ಬೇರೆ ಬೇರೆ ಬಗೆಯ ಇನ್ನೂ ಎರಡು ಕಿಟ್‌ಗಳಲ್ಲಿ ನೋಡುತ್ತಾರೆ. ಮೂರರಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಖಚಿತ. ಫಲಿತಾಂಶ ಹೇಳುವುದೂ ಮತ್ತೆ ಬಾಗಿಲು ಹಾಕಿದ ಆ ಕೋಣೆಯಲ್ಲೇ, ನಿಮಗೊಬ್ಬರಿಗೇ.

ಒಂದು ಎಚ್ಚರ. ವೈರಸ್ ಮೈಗೆ ಸೇರಿದ ಕೂಡಲೇ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕೆಲವು ವಾರ ಹಿಡಿಯುತ್ತದೆ, ಮೂರು ತಿಂಗಳವರೆಗೂ ಆಗಬಹುದು. ಹೋದ ವಾರ ಏನೋ ಆಗಿ ಈ ವಾರ ನೆಗೆಟಿವ್ ಬಂದರೆ ನಿರಾಳ ಆಗಬೇಡಿ. ಸಮಾಲೋಚಕರು ಹೇಳಿದ ದಿನಕ್ಕೆ ಮತ್ತೆ ಹೋಗಿ.

ವಿಷಯ ಬಾಯಿಗೆ ಬರಲಿ

ಎಚ್‌ಐವಿ ಹರಡುವ ದಾರಿಗಳು ನಾಲ್ಕೇ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸುವುದು, ಗರ್ಭ–ಹೆರಿಗೆ–ಎದೆಹಾಲಿನ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಜನಕ್ಕೆ ಬೇಕಾದದ್ದು ಅದರ ಆಚೆಗಿನ ಉತ್ತರಗಳು.

ಸೊಳ್ಳೆ ಕಚ್ಚಿದರೆ? ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಶೌಚಾಲಯ ಬಳಸಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ? ಬರುವುದಿಲ್ಲ. ಕ್ಷೌರದ ಬ್ಲೇಡು? ಹೊರಗಿನ ಗಾಳಿಯಲ್ಲಿ, ಒಣಗಿದ ರಕ್ತದಲ್ಲಿ ಈ ವೈರಸ್ಸಿನ ಶಕ್ತಿ ಬೇಗ ಕುಂದುತ್ತದೆ. ಆದರೂ ಹೊಸ ಬ್ಲೇಡು ಹಾಕಿಸಿಕೊಳ್ಳಿ, ಹೆಪಟೈಟಿಸ್ ಬಿ ಅಂಥವು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಜಾತ್ರೆಯ ಹಚ್ಚೆಗೆ ಮಾತ್ರ ಹುಷಾರು. ಒಂದೇ ಸೂಜಿಯಲ್ಲಿ ಹತ್ತಾರು ಕೈಗೆ ಹೆಸರು ಬರೆಯುವ ಕಡೆ ಕೈ ಕೊಡಬೇಡಿ.

ಸೂಜಿ ಅಂದ ಮೇಲೆ ಇಂಜೆಕ್ಷನ್ ಮಾತು ಬರಲೇಬೇಕು. ನಮ್ಮ ಜನಕ್ಕೆ ಇಂಜೆಕ್ಷನ್ ಮೇಲೆ ನಂಬಿಕೆ ಜಾಸ್ತಿ. ಮಾತ್ರೆ ಬರೆದುಕೊಟ್ಟರೆ ಡಾಕ್ಟರೇ ಸರಿಯಿಲ್ಲ ಅನ್ನುವವರಿದ್ದಾರೆ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಹತ್ತಾರು ಜನರಿಗೆ ಒಟ್ಟಿಗೇ ಎಚ್‌ಐವಿ ಇರುವುದು ಗೊತ್ತಾಯಿತು. ಊರೂರು ಸುತ್ತಿ ಕಡಿಮೆ ದುಡ್ಡಿಗೆ ಇಂಜೆಕ್ಷನ್ ಕೊಡುತ್ತಿದ್ದ ಒಬ್ಬ, ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸಿದ ಆರೋಪ ಬಂತು. ಸಿರಿಂಜಿನ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು. "ಡಾಕ್ಟ್ರೇ, ಹೊಸದು ತೆಗೀರಿ" ಅಂತ ಕೇಳಲು ನಾಚಿಕೆ ಬೇಡ ಅಂತ ಸಭೆಯಲ್ಲಿ ಹೇಳಿ.

ಇನ್ನು, ಎಲ್ಲಕ್ಕಿಂತ ಜಾಸ್ತಿ ಹೊತ್ತು ಮಾತಾಡಬೇಕಾದದ್ದು ಚಿಕಿತ್ಸೆಯ ಬಗ್ಗೆ. ನಮ್ಮ ಅಪ್ಪ ಅಮ್ಮಂದಿರ ತಲೆಯಲ್ಲಿ ಇನ್ನೂ ತೊಂಬತ್ತರ ದಶಕದ ಪೋಸ್ಟರ್ ಕೂತಿದೆ. ತಲೆಬುರುಡೆ, ಎರಡು ಎಲುಬು, ಕೆಳಗೆ ಏಡ್ಸ್ ಅಂದರೆ ಸಾವು ಅಂತ. ಆಗ ಬಡವರ ಕೈಗೆ ಸಿಗುವ ಔಷಧಿ ಇರಲಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಔಷಧಿಯನ್ನು ಪುಕ್ಕಟೆ ಕೊಡಲು ಶುರು ಮಾಡಿತು. 2017ರಿಂದ, ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣ) ಎಣಿಕೆ ಎಷ್ಟೇ ಇರಲಿ, ಪಾಸಿಟಿವ್ ಬಂದ ಎಲ್ಲರಿಗೂ ಚಿಕಿತ್ಸೆ. ಈಗ ಹೆಚ್ಚಿನ ದೊಡ್ಡವರಿಗೆ ದಿನಕ್ಕೆ ಒಂದೇ ಮಾತ್ರೆ. ಅದರಲ್ಲೇ ಮೂರು ಔಷಧಿ ಸೇರಿರುತ್ತದೆ. ಬೇಗ ಶುರು ಮಾಡಿ, ತಪ್ಪದೆ ನುಂಗಿದವರು ಉಳಿದವರಂತೆಯೇ ಹೊಲ ಮಾಡುತ್ತಾರೆ, ಮಕ್ಕಳನ್ನು ಓದಿಸುತ್ತಾರೆ, ಮೊಮ್ಮಕ್ಕಳನ್ನು ನೋಡುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅವರು ಇನ್ನೊಬ್ಬರಿಗೆ ಎಚ್‌ಐವಿ ದಾಟಿಸುವುದಿಲ್ಲ. ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ಮಾತಿದು. ಇದನ್ನು ನಿಧಾನಕ್ಕೆ, ಎರಡು ಸಲ ಹೇಳಿ. ಆ ಸಭೆಯಲ್ಲಿ ಮಾತ್ರೆ ನುಂಗುತ್ತಿರುವ ಒಬ್ಬರು ಇದನ್ನು ಮೊದಲ ಸಲ ಕೇಳುತ್ತಿರಬಹುದು.

ಬಸಿರಿಯರ ವಿಷಯಕ್ಕೆ ಬಂದರೆ, ಏನೂ ಮಾಡದೆ ಬಿಟ್ಟರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಸೋಂಕು ದಾಟುತ್ತದೆ. ತಾಯಿ ಮಾತ್ರೆ ತೆಗೆದುಕೊಂಡು, ಹುಟ್ಟಿದ ಮಗುವಿಗೆ ಕೆಲವು ವಾರ ಸಿರಪ್ ಹಾಕಿದರೆ ಅದನ್ನು 5ಕ್ಕಿಂತ ಕೆಳಗೆ ಇಳಿಸಬಹುದು. ತಾಯಿ ಕಾರ್ಡ್ ಮಾಡಿಸುವಾಗಲೇ ಈ ಪರೀಕ್ಷೆಯೂ ಆಗಲಿ. ಗಂಡನೂ ಜೊತೆಗೆ ಬಂದು ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

72 ಗಂಟೆಯ ವಿಷಯ ಮರೆಯಬೇಡಿ. ಆಸ್ಪತ್ರೆ ಕೆಲಸದಲ್ಲಿ ಬಳಸಿದ ಸೂಜಿ ಚುಚ್ಚಿತು, ಅಥವಾ ಯಾರ ಮೇಲೋ ಅತ್ಯಾಚಾರ ಆಯಿತು ಅಂದರೆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 72 ಗಂಟೆಯೊಳಗೆ ಶುರು ಮಾಡಿ 28 ದಿನ ಮಾತ್ರೆ ತೆಗೆದುಕೊಂಡರೆ ಸೋಂಕು ಬೇರು ಬಿಡದ ಹಾಗೆ ತಡೆಯುವ ಸಾಧ್ಯತೆ ಬಹಳ ಹೆಚ್ಚು. ಮೊದಲ ಕೆಲವು ಗಂಟೆಗಳಲ್ಲೇ ಹೋದರೆ ಎಲ್ಲಕ್ಕಿಂತ ಒಳ್ಳೆಯದು. "ಮರ್ಯಾದೆ ಪ್ರಶ್ನೆ, ನಾಳೆ ನೋಡೋಣ" ಅನ್ನುವಷ್ಟರಲ್ಲಿ ಈ ಅವಕಾಶ ಕಳೆದುಹೋಗುತ್ತದೆ.

ಯಾರನ್ನು, ಯಾವಾಗ ಕೂರಿಸಬೇಕು

ಇಡೀ ಊರನ್ನು ಒಂದೇ ಶಾಮಿಯಾನದಡಿ ಸೇರಿಸಿ ಕಾಂಡೋಮ್ ಬಗ್ಗೆ ಮಾತಾಡಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮಾವನ ಎದುರು ಸೊಸೆ ತಲೆ ತಗ್ಗಿಸಿ ಕೂರುತ್ತಾಳೆ, ಅಷ್ಟೇ. ಚಿಕ್ಕ ಗುಂಪು ಮಾಡಿ, ಬೇರೆ ಬೇರೆಯಾಗಿ ಮಾತಾಡಿ. ಹೆಂಗಸರಿಗೆ ಸಂಘದ ವಾರದ ಸಭೆ ಆದ ಮೇಲೆ. ಗಂಡಸರಿಗೆ ಸಂಜೆ ಕೆಲಸ ಬಿಟ್ಟು ಬಂದ ಮೇಲೆ, ಕಟ್ಟೆ ಹತ್ತಿರವೋ ಆಟೊ ಸ್ಟ್ಯಾಂಡ್ ಹತ್ತಿರವೋ.

ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ದುಡಿಯುವ ಜನ ವರ್ಷದ ಬಹುಪಾಲು ಗೋವಾ, ಪುಣೆ, ಮುಂಬೈ, ಬೆಂಗಳೂರಿನಲ್ಲಿ ಇರುತ್ತಾರೆ. ಡಿಸೆಂಬರ್ 1ಕ್ಕೆ ಸಭೆ ಮಾಡಿದರೆ ಎದುರು ಕೂರುವವರು ಮುದುಕರು, ಮಕ್ಕಳು. ಯುಗಾದಿಗೆ, ಪಂಚಮಿಗೆ, ಊರ ಜಾತ್ರೆಗೆ ಎಲ್ಲರೂ ಬರುತ್ತಾರಲ್ಲ, ಆಗ ಇಟ್ಟುಕೊಳ್ಳಿ. ಹಬ್ಬದ ಮಾರನೇ ದಿನ ಜನ ಕೈಗೆ ಸಿಗುತ್ತಾರೆ, ಮನಸ್ಸೂ ಹಗುರಾಗಿರುತ್ತದೆ.

ಯಾವ ಗುಂಪಿನ ಕಡೆಗೂ ಬೆರಳು ತೋರಿಸಬೇಡಿ. "ಲಾರಿ ಡ್ರೈವರ್‌ಗಳಿಂದ ಬಂತು", "ದೇವದಾಸಿಯರಿಂದ ಬಂತು" ಅಂತ ಮೈಕಿನಲ್ಲಿ ಹೇಳಿದ ಕ್ಷಣವೇ ಉಳಿದವರೆಲ್ಲ "ನಮಗಲ್ಲ ಇದು" ಅಂತ ನಿಶ್ಚಿಂತೆಯಿಂದ ಕೂರುತ್ತಾರೆ. ಯಾರಿಗೆ ನಿಜಕ್ಕೂ ಸೇವೆ ಬೇಕಿತ್ತೋ ಅವರು ಎದ್ದು ಹೋಗುತ್ತಾರೆ. ಮೈಸೂರಿನ ಆಶೋದಯ ಸಮಿತಿಯ ಕೆಲಸ ನೋಡಿ. ಲೈಂಗಿಕ ವೃತ್ತಿಯಲ್ಲಿರುವವರೇ ಸೇರಿ ನಡೆಸುವ ಸಂಸ್ಥೆ ಅದು. ತಮ್ಮವರ ಜೊತೆ ತಾವೇ ಮಾತಾಡುತ್ತಾರೆ, ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಹೊರಗಿನವರ ಉಪದೇಶಕ್ಕಿಂತ ಆ ಮಾತು ಮುಟ್ಟುತ್ತದೆ. ನಿಮ್ಮ ಊರಿನಲ್ಲೂ ಡ್ರೈವರ್‌ಗಳಿಗೆ ಡ್ರೈವರೇ ಹೇಳಲಿ, ಕಾಲೇಜು ಹುಡುಗರಿಗೆ ಅವರ ಸೀನಿಯರೇ ಹೇಳಲಿ.

ಸಭೆಯಲ್ಲಿ

ಹೆದರಿಸಬೇಡಿ. ಹೆದರಿದವರು ಪರೀಕ್ಷೆಗೆ ಹೋಗುವುದಿಲ್ಲ, ಬಚ್ಚಿಡುತ್ತಾರೆ. ತಪ್ಪು ಯಾರದು ಅನ್ನುವ ಲೆಕ್ಕಕ್ಕೂ ಇಳಿಯಬೇಡಿ. "ಪಾಪ, ಆ ಹೆಣ್ಣುಮಗಳದು ಏನು ತಪ್ಪು, ಗಂಡನಿಂದ ಬಂತು" ಅನ್ನುವ ಮಾತು ಕರುಣೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಉಳಿದವರೆಲ್ಲ ತಪ್ಪು ಮಾಡಿದವರು ಅಂತ ಅದರಲ್ಲೇ ಬಂತಲ್ವಾ? ಹಿಂದಿನ ಸಾಲಿನಲ್ಲಿ ಕೂತ ಆ ಗಂಡನೂ ಕೇಳಿಸಿಕೊಳ್ಳುತ್ತಿರಬಹುದು.

ಬಿಪಿ, ಶುಗರ್ ಹೆಸರಿನಲ್ಲಿ ಮಾತು ಶುರು ಮಾಡಿದರೆ ಸಲೀಸು. "ಅಕ್ಕಾ, ಶುಗರ್ ಇದೆಯಾ ಅಂತ ವರ್ಷಕ್ಕೊಮ್ಮೆ ನೋಡಿಸ್ತೀರಲ್ಲ, ಇದನ್ನೂ ಹಾಗೇ ಒಂದು ಸಲ ನೋಡಿಸಿಬಿಡಿ" ಅಂದರೆ ಎದುರಿನವರ ಮುಖ ಬಿಗಿಯುವುದಿಲ್ಲ.

ಕಾಂಡೋಮ್ ಬಳಸುವುದನ್ನು ಬಾಯಲ್ಲಿ ಹೇಳಬೇಡಿ, ತೋರಿಸಿ. ಐಸಿಟಿಸಿಯಲ್ಲಿ ಕೇಳಿದರೆ ಮರದ ಮಾದರಿ ಸಿಗಬಹುದು, ಸರ್ಕಾರದ ನಿರೋಧ್ ಪುಕ್ಕಟೆ ಸಿಗುತ್ತದೆ. ಮೊದಲು ಪ್ಯಾಕೆಟ್ ಮೇಲಿನ ತಾರೀಖು ಓದಿಸಿ. ಬೆರಳಿನಿಂದ ಒತ್ತಿ, ಒಳಗೆ ಗಾಳಿ ಇದೆಯಾ ನೋಡಲು ಹೇಳಿ. ಗಾಳಿ ಇದ್ದರೆ ಪ್ಯಾಕೆಟ್ ತೂತಾಗಿಲ್ಲ ಅಂತ ಅರ್ಥ. ಹಲ್ಲಿನಿಂದ ಕಚ್ಚಿ ಹರಿಯಬಾರದು. ತುದಿಯನ್ನು ಚಿವುಟಿ ಹಿಡಿದು ಗಾಳಿ ತೆಗೆದು, ಬುಡದವರೆಗೂ ಉರುಳಿಸಬೇಕು. ಮುಗಿದ ಮೇಲೆ ಬುಡ ಹಿಡಿದುಕೊಂಡೇ ಹೊರತೆಗೆದು, ಗಂಟು ಹಾಕಿ, ಕಾಗದದಲ್ಲಿ ಸುತ್ತಿ ಕಸಕ್ಕೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ರಬ್ಬರ್ ಹರಿಯುತ್ತದೆ. ಇದು ಮದುವೆಯಾಗಿ ಎಷ್ಟೋ ವರ್ಷ ಆದವರಿಗೂ ಗೊತ್ತಿರುವುದಿಲ್ಲ. ನೀವು ತೋರಿಸಿದ ಮೇಲೆ ಅವರ ಕೈಯಲ್ಲೇ ಮಾಡಿಸಿ. ಮೊದಲು ನಗು ಬರುತ್ತದೆ, ಬರಲಿ. ನಗುತ್ತಾ ನಾಚಿಕೆ ಕಡಿಮೆಯಾಗುತ್ತದೆ.

ಪ್ರಶ್ನೆಗೆ ಚೀಟಿ ಇಡಿ. ಇದರಲ್ಲೊಂದು ಸೂಕ್ಷ್ಮ ಇದೆ. "ಪ್ರಶ್ನೆ ಇದ್ದವರು ಬರೆಯಿರಿ" ಅಂದರೆ ಬರೆಯುವವರು ಯಾರು ಅಂತ ಎಲ್ಲರಿಗೂ ಕಾಣುತ್ತದೆ, ಯಾರೂ ಬರೆಯುವುದಿಲ್ಲ. ಎಲ್ಲರಿಗೂ ಒಂದೇ ಥರದ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ. ಪ್ರಶ್ನೆ ಇಲ್ಲದವರು "ಏನಿಲ್ಲ" ಅಂತಾದರೂ ಬರೆದು, ಮಡಚಿ ಡಬ್ಬಿಗೆ ಹಾಕಬೇಕು. ಬರೆಯಲು ಬಾರದವರು ಇದ್ದರೆ ಆಪ್ತ ಸಮಾಲೋಚಕರು ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಲಿ.

ಚೀಟಿಯಲ್ಲಿ ಬರುವುದು ಭಾಷಣದಲ್ಲಿ ಬಾರದ ಪ್ರಶ್ನೆಗಳು. ಗಂಡನಿಗೆ ಇದೆ, ನನಗೆ ನೆಗೆಟಿವ್ ಬಂತು, ಮುಂದೇನು? ಅವರು ಮಾತ್ರೆ ತಪ್ಪಿಸಬಾರದು, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಮಾಡಿಸುತ್ತಿರಬೇಕು, ವೈರಸ್ ಹತೋಟಿಗೆ ಬರುವವರೆಗೆ ಕಾಂಡೋಮ್ ಬೇಕೇ ಬೇಕು, ನೀವು ಆಗಾಗ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಮದುವೆಗೆ ಮುಂಚೆ ಹುಡುಗನಿಗೆ ಟೆಸ್ಟ್ ಮಾಡಿಸಿ ಅಂತ ಕೇಳೋದು ಹೇಗೆ? ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಲಿ ಅಂತ ಕೇಳಿ. ಒಬ್ಬರನ್ನೇ ಕಳಿಸಿದರೆ ಅದು ಅನುಮಾನ ಆಗುತ್ತದೆ. ಆಯುರ್ವೇದದಲ್ಲಿ, ನಾಟಿ ಔಷಧಿಯಲ್ಲಿ ಪೂರ್ತಿ ವಾಸಿ ಮಾಡ್ತಾರಂತಲ್ಲ? ಇಲ್ಲ. ಬೇರಿನಿಂದ ಕೀಳುವ ಔಷಧಿ ಇನ್ನೂ ಯಾರ ಹತ್ತಿರವೂ ಇಲ್ಲ. ಹಾಗೆ ನಂಬಿಸಿ ಎಆರ್‌ಟಿ ಬಿಡಿಸುವವರಿಂದ ಜೀವ ಹೋಗುತ್ತದೆ. ಉತ್ತರ ಗೊತ್ತಿಲ್ಲದ ಚೀಟಿಯನ್ನು ಸಮಾಲೋಚಕರಿಗೆ ಕೊಡಿ, ಊಹೆ ಮಾಡಿ ಹೇಳಬೇಡಿ.

ಸಭೆಯಿಂದ ಪರೀಕ್ಷೆಗೆ

ಸಭೆ ಮುಗಿದ ಒಂದೆರಡು ದಿನದಲ್ಲೇ ಜನ ಹೋಗಬೇಕು, ಆಮೇಲೆ ಮರೆಯುತ್ತಾರೆ. "ಗುರುವಾರ ಬೆಳಿಗ್ಗೆ ನಾನು ತಾಲ್ಲೂಕು ಆಸ್ಪತ್ರೆಗೆ ಹೋಗ್ತಿದ್ದೀನಿ, ಬರೋರು ಬನ್ನಿ" ಅಂತ ಹೇಳಿ. ಯಾಕೆ ಬರುತ್ತಿದ್ದೀರಿ ಅಂತ ಯಾರನ್ನೂ ಕೇಳಬೇಡಿ. ಒಬ್ಬರು ಬಿಪಿ ತೋರಿಸಲು, ಇನ್ನೊಬ್ಬರು ಕಣ್ಣು ತೋರಿಸಲು ಬಂದಿರಲಿ. ಗುಂಪಿನಲ್ಲಿ ಯಾರು ಯಾವ ಬಾಗಿಲಿಗೆ ಹೋದರು ಅನ್ನುವುದು ಕರಗಿಹೋಗುತ್ತದೆ.

ಊರಿಗೇ ಪರೀಕ್ಷೆ ಮಾಡುವ ಸಂಚಾರಿ ವಾಹನ ಬರುವುದಾದರೆ ಬಿಪಿ, ಶುಗರ್, ಹಿಮೋಗ್ಲೋಬಿನ್ ಎಲ್ಲವನ್ನೂ ಜೊತೆಗೆ ಸೇರಿಸಿ. ಎಚ್‌ಐವಿಗೇ ಬೇರೆ ಸಾಲು ನಿಲ್ಲಿಸಬೇಡಿ. ಪಂಚಾಯಿತಿಯವರು ಉತ್ಸಾಹಕ್ಕೆ ಬಿದ್ದು "ಇಡೀ ಊರಿಗೆ ಕಡ್ಡಾಯ ಟೆಸ್ಟ್" ಅಂತ ಹೊರಟರೆ ತಡೆಯಿರಿ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ ಅನ್ನುವುದು ಅದರ ನಿಯಮ.

ಹೋಗಿ ಬಂದವರನ್ನು "ಏನು ಬಂತು?" ಅಂತ ಕೇಳಲೇಬೇಡಿ. ಆಶಾ ಕಾರ್ಯಕರ್ತೆಯೂ ಕೇಳಬಾರದು, ಅತ್ತೆಯೂ ಕೇಳಬಾರದು, ಕಾರ್ಯಕ್ರಮ ಮಾಡಿದ ನೀವೂ ಕೇಳಬಾರದು. ಒಬ್ಬರು ತಾವಾಗಿಯೇ ಹೇಳಿಕೊಂಡರೆ ಅದು ನಿಮ್ಮಲ್ಲೇ ಉಳಿಯಬೇಕು. ಇಂಥವರಿಗೆ ಇದೆ ಅಂತ ಒಂದು ಸಲ ಮಾತು ಹೊರಬಿದ್ದರೆ ಆ ಊರಿನಿಂದ ಮುಂದೆ ಯಾರೂ ಪರೀಕ್ಷೆಗೆ ಹೋಗುವುದಿಲ್ಲ.

ಪಾಸಿಟಿವ್ ಬಂದವರ ಜೊತೆ

ಪಾಸಿಟಿವ್ ಬಂದವರನ್ನು ಐಸಿಟಿಸಿಯಿಂದಲೇ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಟಿಬಿ ಇದೆಯಾ ಅಂತಲೂ ನೋಡುತ್ತಾರೆ. ಎಚ್‌ಐವಿ ಇರುವವರನ್ನು ಬಹಳ ಸಲ ಬಲಿ ತೆಗೆದುಕೊಳ್ಳುವುದು ಟಿಬಿಯೇ, ಅದಕ್ಕೂ ಚಿಕಿತ್ಸೆ ಪುಕ್ಕಟೆ. ಬಹಳ ಜನ ಪರಿಚಯದವರು ನೋಡುತ್ತಾರೆ ಅಂತ ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಬಸ್ ಹತ್ತುತ್ತಾರೆ. ಮಾತ್ರೆಯನ್ನು ಡಬ್ಬಿಯಿಂದ ತೆಗೆದು, ಹೆಸರಿಲ್ಲದ ಬೇರೆ ಡಬ್ಬಿಗೆ ಹಾಕಿ, ಸದ್ದಾಗದಂತೆ ಮೇಲೆ ಹತ್ತಿ ತುರುಕಿ, ಅಕ್ಕಿ ಡ್ರಮ್ಮಿನಲ್ಲಿ ಇಡುತ್ತಾರೆ. ಮದುವೆಮನೆಗೆ ಹೋದಾಗ, ನೆಂಟರು ಬಂದಾಗ ನುಂಗಲು ಸಂದು ಸಿಗದೆ ಆ ದಿನದ ಮಾತ್ರೆ ತಪ್ಪುತ್ತದೆ. ನಿಮ್ಮ ಹತ್ತಿರ ಹೇಳಿಕೊಂಡವರಿಗೆ ನೀವು ಮಾಡಬಹುದಾದ ಸಹಾಯ ಇಲ್ಲೇ ಇದೆ. ಮನೆಯಲ್ಲಿ ನಂಬುವ ಒಬ್ಬರು ಯಾರು ಅಂತ ಕೇಳಿ. ತಂಗಿಯೋ, ದೊಡ್ಡ ಮಗನೋ, ಒಬ್ಬರಿಗೆ ಗೊತ್ತಿದ್ದರೆ ಮಾತ್ರೆ ತಪ್ಪುವುದು ಕಡಿಮೆಯಾಗುತ್ತದೆ. ಹೇಳಬೇಕೋ ಬೇಡವೋ ಅನ್ನುವ ನಿರ್ಧಾರ ಮಾತ್ರ ಅವರದ್ದೇ.

ಕೆಲಸದಿಂದ ತೆಗೆದರು, ಬಾಡಿಗೆ ಮನೆ ಬಿಡಿಸಿದರು, ಶಾಲೆಯಲ್ಲಿ ಮಗುವನ್ನು ಬೇರೆ ಕೂರಿಸಿದರು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಲು ಹಿಂದೇಟು ಹಾಕಿದರು ಅಂದರೆ ಅದು 2017ರ ಆ ಎಚ್‌ಐವಿ ಕಾಯ್ದೆಗೆ ವಿರುದ್ಧ. 100 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಲ್ಲಿ, ಆಸ್ಪತ್ರೆಯಾದರೆ 20 ಜನ ಇದ್ದರೂ, ದೂರು ಅಧಿಕಾರಿ ಇರಬೇಕು. ರಾಜ್ಯಕ್ಕೆ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವವರು ಇರುತ್ತಾರೆ. ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ಇರುವ ಹಕ್ಕನ್ನೂ ಈ ಕಾಯ್ದೆ ಕಾಯುತ್ತದೆ. ಅಪ್ಪ ಅಮ್ಮ ತೀರಿಕೊಂಡ ಮನೆಯಲ್ಲಿ, ಸಂಸಾರ ನಿಭಾಯಿಸುವ ತಿಳಿವಳಿಕೆ ಇರುವ 12ರಿಂದ 18 ವರ್ಷದ ಅಕ್ಕನೋ ಅಣ್ಣನೋ ತಮ್ಮ ತಂಗಿಯರನ್ನು ಶಾಲೆಗೆ ಸೇರಿಸಲು, ಬ್ಯಾಂಕ್ ಖಾತೆ ತೆರೆಯಲು ಪಾಲಕರಾಗಿ ನಿಲ್ಲಬಹುದು. ಇದು ಎಷ್ಟೋ ಕಚೇರಿಗಳಲ್ಲಿ ಕೂತವರಿಗೂ ತಿಳಿದಿಲ್ಲ. ಕಾಯ್ದೆಯ ಒಂದು ಪ್ರತಿ ಕೈಯಲ್ಲಿರಲಿ.

ಸೋಂಕಿತ ಮಹಿಳೆಯರ ಸ್ವಉದ್ಯೋಗಕ್ಕೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದೆ. ಎಚ್‌ಐವಿ ಇರುವ ಮತ್ತು ಬಾಧಿತ ಮಕ್ಕಳಿಗೆ ವಿಶೇಷ ಪಾಲನಾ ಯೋಜನೆ ಇದೆ. ಈ ವರ್ಷ ಅರ್ಜಿ ಯಾವಾಗ, ಏನೇನು ದಾಖಲೆ ಬೇಕು ಅಂತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ನೀವೇ ವಿಚಾರಿಸಿ. ಅವರು ಹೋಗಿ ಕೌಂಟರಿನಲ್ಲಿ ನಿಂತು ಕೇಳುವ ಕಷ್ಟ ತಪ್ಪುತ್ತದೆ.

ಒಂದು ತಿಂಗಳಾದ ಮೇಲೆ

ಸಮಾಲೋಚಕರಿಗೆ ಫೋನ್ ಮಾಡಿ, ನಿಮ್ಮ ಕಡೆಯಿಂದ ಎಷ್ಟು ಜನ ಬಂದರು ಅಂತ ಕೇಳಿ. ಬರೀ ಸಂಖ್ಯೆ. ಹೆಸರೂ ಬೇಡ, ಫಲಿತಾಂಶವೂ ಬೇಡ. ಇಬ್ಬರೇ ಬಂದಿದ್ದರೆ ಎಲ್ಲಿ ತಡೆಯಾಯಿತು ಅಂತ ಹುಡುಕಿ. ಬಸ್ಸಿನ ಹೊತ್ತೋ, ಕೂಲಿ ತಪ್ಪುತ್ತದೆ ಅಂತಲೋ, ಲ್ಯಾಬಿನ ಹುಡುಗ ನಮ್ಮೂರಿನವನೇ ಅನ್ನುವ ಅಂಜಿಕೆಯೋ. ಕೊನೆಯದ್ದಾದರೆ ಪಕ್ಕದ ತಾಲ್ಲೂಕಿನ ಕೇಂದ್ರದ ವಿವರ ಕೊಡಿ.

1097 ನಂಬರನ್ನು ಭಾಷಣದಲ್ಲಿ ಹೇಳಿದರೆ ಸಾಲದು. ರಾಷ್ಟ್ರೀಯ ಏಡ್ಸ್ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ. ಒಬ್ಬರೇ ನಿಂತು ಓದಿಕೊಳ್ಳುವಂಥ ಜಾಗದಲ್ಲಿ ಬರೆಸಿ. ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ಬಾಗಿಲ ಒಳಮೈ, ಕಾಲೇಜಿನ ಹಾಸ್ಟೆಲ್, ಹಿಟ್ಟಿನ ಗಿರಣಿಯ ಗೋಡೆ. ಹಬ್ಬ ಮುಗಿಸಿ ಕೆಲಸಕ್ಕೆ ವಾಪಸ್ ಹೊರಡುವ ಹುಡುಗರಿಗೆ, ಅವರು ಹೋಗುವ ಊರಿನಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಪರೀಕ್ಷೆ, ಇದೇ ಮಾತ್ರೆ ಸಿಗುತ್ತದೆ ಅಂತ ಹೇಳಿ ಕಳಿಸಿ. ಈಗಾಗಲೇ ಚಿಕಿತ್ಸೆಯಲ್ಲಿರುವವರು ಹೊರಡುವ ಮುಂಚೆ ತಮ್ಮ ಎಆರ್‌ಟಿ ಕೇಂದ್ರದಲ್ಲಿ ಹೇಳಿದರೆ ಅಲ್ಲಿಗೇ ವರ್ಗ ಮಾಡಿಕೊಡುತ್ತಾರೆ, ಔಷಧಿ ನಿಲ್ಲುವುದಿಲ್ಲ.